ನಾಲ್ಕು ಕಾರ್ಡಿನ ಹಾಡು

ಗಿಟಾರನ್ನು ಕೈಗೆತ್ತಿಕೊಂಡು ಹಾಡು ಕಟ್ಟಲು ಹೊರಟವರೆಲ್ಲರೂ ಒಂದಲ್ಲ ಒಂದು ದಿನ ಬಂದು ಸೇರುವ ಎಡೆಯೊಂದುಂಟು: ಸಿ, ಜಿ, ಎ ಮೈನರ್, ಎಫ್ ಎಂಬ ನಾಲ್ಕು ಕಾರ್ಡುಗಳ ಆವರ್ತನ. ಲೋಕದ ಅಸಂಖ್ಯಾತ ಗೀತೆಗಳು ಈ ನಾಲ್ಕರ ಮೇಲೆಯೇ, ಅಥವಾ ಇವುಗಳ ಸ್ಥಾನ ತುಸು ಪಲ್ಲಟಗೊಂಡ ಕ್ರಮಗಳ ಮೇಲೆಯೇ ನಿಂತಿವೆ. ಇದನ್ನು ಕಂಡು ಮೂಗು ಮುರಿಯುವವರುಂಟು. ಎಲ್ಲರೂ ತುಳಿದ ಹಾದಿಯಲ್ಲಿ ಹೊಸತೇನನ್ನು ಕಂಡೀರಿ ಎಂದು ಕೇಳುವವರೂ ಉಂಟು. ನನಗಾದರೋ, ಯಲಹಂಕ ಉಪನಗರದ ಮನೆಯ ತಾರಸಿಯಲ್ಲಿ, ದೊಡ್ಡಬಳ್ಳಾಪುರದ ಕಡೆಯ ರೈಲು ಕೂಗಿ ಮರೆಯಾದ ಮೇಲೆ, ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಸಂಜೆಗಳಲ್ಲಿ ಈ ನಾಲ್ಕು ಕಾರ್ಡುಗಳು ಕೊಟ್ಟಷ್ಟು ಸಂತೋಷವನ್ನು ಬೇರಾವ ವಿದ್ಯೆಯೂ ಕೊಟ್ಟಿಲ್ಲ.

ಸಿ ಸ್ವರವನ್ನು ಷಡ್ಜವೆಂದಿಟ್ಟುಕೊಂಡರೆ ಸಿ ಕಾರ್ಡು ಸ-ಗ-ಪ, ಎಫ್ ಕಾರ್ಡು ಮ-ದ-ಸ, ಜಿ ಕಾರ್ಡು ಪ-ನಿ-ರಿ. ಈ ಮೂರನ್ನು ಕೂಡಿಸಿದರೆ ಶಂಕರಾಭರಣದ ಸಪ್ತಸ್ವರಗಳಲ್ಲಿ ಒಂದೂ ಹೊರಗುಳಿಯದು. ಪರದೇಶದ ಬ್ಯಾಂಡಿನ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ರಚಿಸಿದಾಗ, ಆ ನೊಟ್ಟುಸ್ವರಗಳು ಶಂಕರಾಭರಣದಲ್ಲಿಯೇ ನೆಲೆಗೊಂಡುದು ಆಕಸ್ಮಿಕವಲ್ಲ. ನಾಲ್ಕನೆಯದಾದ ಎ ಮೈನರ್, ಅಂದರೆ ದ-ಸ-ಗ, ಹೊಸ ಸ್ವರವನ್ನೇನೂ ತರುವುದಿಲ್ಲ. ಆದರೂ ರಸವನ್ನೇ ಬದಲಿಸಿಬಿಡುತ್ತದೆ. ಸಿ ಕಾರ್ಡಿನಿಂದ ಅದಕ್ಕೆ ಸರಿಯುವಾಗ ಎಡಗೈಯನ್ನು ನೋಡಬೇಕು: ತೋರುಬೆರಳು ಎರಡನೆಯ ತಂತಿಯ ಮೊದಲ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ, ಎರಡೂ ಇದ್ದಲ್ಲಿಯೇ ಇರುತ್ತವೆ, ಉಂಗುರಬೆರಳೊಂದು ಮಾತ್ರ ಐದನೆಯ ತಂತಿಯನ್ನು ಬಿಟ್ಟು ಮೂರನೆಯದಕ್ಕೆ ದಾಟುತ್ತದೆ. ಪಂಚಮ ಹಿಂದೆ ಸರಿದು ಧೈವತ ಬಂದಿತು, ಅಷ್ಟೆ. ಅಷ್ಟರಿಂದಲೇ ಹರ್ಷದ ಮೇಲೆ ಕಾರುಣ್ಯದ ನೆರಳು ಬಿದ್ದಿತು. ಒಂದು ಬೆರಳಿನ ಚಲನೆಗೆ ಇಷ್ಟು ದೊಡ್ಡ ಫಲವನ್ನಿತ್ತ ವ್ಯವಸ್ಥೆಗೆ ನಾನು ಪ್ರತಿಸಲವೂ ಮನಸಾರೆ ಮಣಿಯುತ್ತೇನೆ.

ಕನ್ನಡದಲ್ಲಿ ಹಾಡು ಕಟ್ಟುವವನಿಗೆ ಇದಕ್ಕೂ ಮಿಗಿಲಾದ ಭಾಗ್ಯವೊಂದಿದೆ, ಅದು ನಮ್ಮ ಛಂದಸ್ಸು. ಮಂದಾನಿಲ ರಗಳೆಯ ಪಾದವೆಂದರೆ ನಾಲ್ಕು ಮಾತ್ರೆಗಳ ನಾಲ್ಕು ಗಣ. ಗಣಕ್ಕೊಂದು ಕಾರ್ಡನ್ನು ಕೊಟ್ಟರೆ ಪಾದವೂ ಆವರ್ತನವೂ ಒಟ್ಟಿಗೆ ಮುಗಿಯುತ್ತವೆ. ‘ಹೆಬ್ಬಾಳದ ಕೆರೆಯಂಚಲಿ ನಿಂತೆನು’ ಎಂಬ ಪಂಕ್ತಿಯನ್ನು ಒಮ್ಮೆ ಬರೆದುಕೊಂಡಿದ್ದೆ. ಅದು ಹೆಬ್ಬಾ, ಳದ ಕೆರೆ, ಯಂಚಲಿ, ನಿಂತೆನು ಎಂದು ಒಡೆಯುತ್ತದೆ. ಸಿ, ಎ ಮೈನರ್, ಎಫ್, ಜಿ ಎಂಬ ಕ್ರಮದಲ್ಲಿ ಹಾಡಿದರೆ ಊರ ಹೆಸರಿನ ನಟ್ಟನಡುವೆಯೇ ಕಾರ್ಡು ಬದಲಾಗಿ, ಉಲ್ಲಾಸದಲ್ಲಿ ತೊಡಗಿದ ಹೆಬ್ಬಾಳ ವಿಷಾದದಲ್ಲಿ ಮುಗಿಯುತ್ತದೆ. ‘ನಿಂತೆನು’ ಎಂಬಲ್ಲಿ ಜಿ ಬರುತ್ತದೆ. ಅದರೊಳಗಿನ ನಿಷಾದಕ್ಕೆ ಷಡ್ಜ ಅರ್ಧಸ್ವರದಷ್ಟೇ ದೂರವಾದ್ದರಿಂದ ಕಿವಿ ಅಲ್ಲಿ ನೆಮ್ಮದಿಯಾಗಿ ನಿಲ್ಲಲಾರದು, ಏಕೆ ನಿಂತೆ ಎಂದು ಮುಂದಿನ ಪಂಕ್ತಿಯನ್ನು ಕೇಳುತ್ತದೆ. ಅದೇ ಸ್ಥಾನದಲ್ಲಿ ಎಫ್ ಬರುವಂತೆ ಕ್ರಮವನ್ನು ತಿರುಗಿಸಿದರೆ ಆ ತವಕ ಇಳಿದು ನಿಲುವು ದೀರ್ಘವಾಗುತ್ತದೆ. ಸಿ ಬಂದರಂತೂ ನಿಂತದ್ದೂ ಮುಗಿಯಿತು, ಹೇಳಬೇಕಾದದ್ದೂ ಮುಗಿಯಿತು. ಪದಗಳು ಅವೇ, ಅರ್ಥ ಮೂರು.

ಭಾಮಿನಿ ಷಟ್ಪದಿಯ ವಿಷಯವಂತೂ ಇನ್ನೂ ಸೊಗಸು. ಮೂರು-ನಾಲ್ಕು ಮಾತ್ರೆಗಳ ಅದರ ನಡೆಗೆ ಬಲಗೈ ತಾನಾಗಿಯೇ ಮಿಶ್ರಛಾಪಿನಲ್ಲಿ ತಂತಿ ಮೀಟುತ್ತದೆ. ಏಳು ಮಾತ್ರೆಗೊಂದು ಕಾರ್ಡೆಂದು ಹಿಡಿದರೆ ಮೊದಲೆರಡು ಪಾದಗಳಿಗೆ ನಾಲ್ಕು ಕಾರ್ಡುಗಳು ಸರಿಹೋಗುತ್ತವೆ. ಮೂರನೆಯ ಪಾದಕ್ಕೆ ಮೂರು ಕಾರ್ಡು ಸಂದ ಮೇಲೆ ಒಂದು ಗುರು ಉಳಿಯುತ್ತದೆ. ನಾಲ್ಕನೆಯ ಕಾರ್ಡು ಆ ಒಂಟಿ ಗುರುವಿನ ಮೇಲೆ ಬೀಳುತ್ತದೆ. ಮಿಕ್ಕ ಐದು ಮಾತ್ರೆಗಳ ಕಾಲ ಮಾತಿಲ್ಲ, ತಂತಿಯ ನಾದ ಮಾತ್ರ. ಗಮಕಿಗಳು ಆ ಗುರುವನ್ನು ಎಳೆದು ಉಸಿರು ತೆಗೆದುಕೊಳ್ಳುವ ಎಡೆಯೂ ಅದೇ. ಪಶ್ಚಿಮದ ಕಾರ್ಡುಗಳನ್ನೂ ಕುಮಾರವ್ಯಾಸನ ಷಟ್ಪದಿಯನ್ನೂ ಒಬ್ಬನೇ ಬಡಗಿ ಅಳತೆ ಹಿಡಿದು ಮಾಡಿದನೋ ಎನ್ನುವಂತೆ ಅವೆರಡೂ ಕೂಡಿಕೊಂಡುದನ್ನು ಕಂಡ ದಿನ ನನಗಾದ ಆನಂದ ಇಂದಿಗೂ ಕುಂದಿಲ್ಲ.

ಆದುದರಿಂದಲೇ ಸಾಮಾನ್ಯವಾದ ಕ್ರಮವನ್ನು ಬಳಸುವುದು ಕೊರತೆಯೆಂಬ ಮಾತನ್ನು ನಾನು ಒಪ್ಪಲಾರೆ. ಷಟ್ಪದಿಯನ್ನು ಮಹಾಕಾವ್ಯಕ್ಕೆ ಯೋಗ್ಯವಾಗಿ ಬೆಳೆಸಿದ ಕೀರ್ತಿ ರಾಘವಾಂಕನದು. ಹಾಗೆಂದು ಅದೇ ವರ್ಗದ ಛಂದಸ್ಸಿನಲ್ಲಿ ಬರೆದ ಕುಮಾರವ್ಯಾಸನನ್ನಾಗಲಿ ಲಕ್ಷ್ಮೀಶನನ್ನಾಗಲಿ ಯಾರಾದರೂ ಅನುಕರಣಕಾರರೆಂದಾರೆಯೆ? 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಎಡ್ ಶೀರನ್ ಎಂಬ ಗಾಯಕನ ಮೇಲೆ, ಮಾರ್ವಿನ್ ಗೇ ಹಾಡಿದ ಹಳೆಯ ಗೀತೆಯೊಂದರ ಸತ್ತ್ವವನ್ನು ಅಪಹರಿಸಿದನೆಂಬ ಮೊಕದ್ದಮೆ ನಡೆದಾಗ, ಆತ ಸಾಕ್ಷಿಕಟ್ಟೆಯಲ್ಲಿ ಗಿಟಾರ್ ನುಡಿಸಿ ಆ ಕಾರ್ಡುಗಳ ಸರಣಿ ಎಲ್ಲರಿಗೂ ಸೇರಿದ್ದೆಂದು ತೋರಿಸಿದ. ತೀರ್ಪೂ ಅವನ ಪರವಾಯಿತು. ನಮ್ಮ ಆರ್.ಟಿ. ನಗರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಕೂರರು ಸ್ಕಾಟ್ಲೆಂಡಿನ ಜನಪದ ಮಟ್ಟುಗಳನ್ನು ಸಂಕೋಚವಿಲ್ಲದೆ ತೆಗೆದುಕೊಂಡು ಅಚ್ಚ ಬಂಗಾಳಿಯ ಹಾಡುಗಳನ್ನಾಗಿಸಿದರು. ಆರ್.ಟಿ. ನಗರದಿಂದ ಮೇಖ್ರಿ ವೃತ್ತದ ಕಡೆಗೆ ಬಂದರೆ ಅರಮನೆ ಮೈದಾನ ಸಿಗುತ್ತದೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ಗಿಟಾರ್ ಹಿಡಿದು ನಿಂತ ಆ ನೆಲದಲ್ಲಿಯೇ, 2005ರಲ್ಲಿ ಸಿ. ಅಶ್ವತ್ಥರು ‘ಕನ್ನಡವೇ ಸತ್ಯ’ ಎಂದು ಭಾವಗೀತೆಗಳಿಗೆ ಜನಸಾಗರವನ್ನು ಕೂಡಿಸಿದರು.

ಎಲ್ಲ ರಾಗವೂ ಈ ನಾಲ್ಕಕ್ಕೆ ಒಗ್ಗುವುದೆಂದು ನಾನು ಹೇಳುತ್ತಿಲ್ಲ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ಅದರ ಆಂದೋಳನದ ಕೆಳಗೆ ಅಚಲವಾದ ಕಾರ್ಡನ್ನಿಟ್ಟರೆ ಗಮಕ ನಲುಗುತ್ತದೆ, ಅಲ್ಲಿ ಗಿಟಾರು ಸುಮ್ಮನಿರುವುದೇ ಲೇಸು. ಮೋಹನದಲ್ಲಿ ಮಧ್ಯಮವೂ ನಿಷಾದವೂ ಇಲ್ಲವಾದ್ದರಿಂದ ನಾನು ಎಫ್ ಅನ್ನು ಕೈಬಿಟ್ಟು, ಜಿ ಕಾರ್ಡಿನಲ್ಲಿ ಪಂಚಮ-ಋಷಭಗಳನ್ನಷ್ಟೇ ನುಡಿಸುತ್ತೇನೆ. ರಾಗದ ಮುಖ ಕೆಡುವುದಿಲ್ಲ.

ಈಗ ಕಟ್ಟುತ್ತಿರುವುದು ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲನೊಬ್ಬನ ಹಾಡು, ಭಾಮಿನಿಯ ನಡೆಯಲ್ಲಿ. ಮೂರನೆಯ ಪಾದದ ಗುರುವಿಗೆ ಜಿ, ಆರನೆಯದಕ್ಕೆ ಸಿ ಇಡುವುದು ವಾಡಿಕೆಯ ಕ್ರಮ. ಹಾಗಿಟ್ಟರೆ ಪದ್ಯ ಸಮಾಧಾನದಿಂದ ಮುಗಿಯುತ್ತದೆ. ಆದರೆ ಒಂದು ಲಾರಿ ಬರಿದಾಗುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುವ ಅವನ ಬಾಳಿಗೆ ಆ ಸಮಾಧಾನ ಸಲ್ಲದು. ಆರನೆಯ ಪಾದದ ಗುರುವಿಗೂ ಜಿ ಕಾರ್ಡನ್ನೇ ಕೊಟ್ಟಿದ್ದೇನೆ. ಹಾಡುವವರು ಉಸಿರೆಳೆದುಕೊಂಡು ಮತ್ತೆ ಪಲ್ಲವಿಯನ್ನೇ ಎತ್ತಿಕೊಳ್ಳಬೇಕಾಗುತ್ತದೆ.