ಬ್ರಹ್ಮಾಂಡಕ್ಕೆ ಬರೆದುಕೊಟ್ಟ ಮೂರು ವಿಡಿಯೋ

ಕಾಂಟ್ರ್ಯಾಕ್ಟ್ ಅಂದ್ರೆ ನಮ್ಮ ಕಡೆ ನೆನಪಾಗೋದು ರೋಡ್ ಹಾಕೋರು, ಕೆರೆ ಹೂಳೆತ್ತೋರು. ಈಗ ಮೊಬೈಲ್ ಹಿಡ್ಕೊಂಡು ದ್ರಾಕ್ಷಿ ತೋಟದಲ್ಲಿ ಓಡಾಡೋ ಹುಡುಗರಿಗೂ ಹನ್ನೊಂದು ಪುಟದ ಕಾಂಟ್ರ್ಯಾಕ್ಟ್ ಬರ್ತಿದೆ, ಅದೂ ಇಂಗ್ಲಿಷಲ್ಲಿ!

ನಂದಿ ಹತ್ರ ಇರೋ ನಮ್ಮ ಚಿಕ್ಕಪ್ಪನ ಮಗ ಒಬ್ಬ ಇದಾನೆ. ದ್ರಾಕ್ಷಿ, ಹೂವು, ರೇಷ್ಮೆ ಅಂತ ವಿಡಿಯೋ ಮಾಡ್ತಾನೆ. ನೋಡೋ ಜನ ಹೆಚ್ಚಾದ ಮೇಲೆ ಹಣ್ಣಿನ ರಸದ ಕಂಪನಿಯೊಂದು (ಹೆಸರು ಬೇಡ ಬಿಡಿ) ಮೂರು ವಿಡಿಯೋ ಮಾಡಿಕೊಡು, ಇಪ್ಪತ್ತೈದು ಸಾವಿರ ಕೊಡ್ತೀವಿ ಅಂತು. "ಅಣ್ಣಾ, ಇದನ್ನ ಒಂದ್ಸಲ ಓದಿ ಹೇಳು. ನಾಳೆ ಹತ್ತು ಗಂಟೆಗೆ ಸಹಿ ಹಾಕಿ ಕಳಿಸ್ಬೇಕಂತೆ" ಅಂತ ರಾತ್ರಿ ಫೋನು. ನಾನು ವಕೀಲನಲ್ಲ. ಆದರೂ ಓದ್ತಾ ಹೋದಂಗೆ ನಿದ್ದೆ ಹಾರಿಹೋಯ್ತು.

ಮೊದಲನೇದು, ವಿಡಿಯೋ ಮೇಲಿನ ಎಲ್ಲಾ ಹಕ್ಕೂ ಶಾಶ್ವತವಾಗಿ, "ಬ್ರಹ್ಮಾಂಡದಾದ್ಯಂತ" ಕಂಪನಿಗೆ. ನಾನು ತಮಾಷೆ ಮಾಡ್ತಿಲ್ಲ, ಇಂಥ ಕಾಗದಗಳಲ್ಲಿ ಹಂಗೇ ಬರೀತಾರೆ. ನಂದಿ ಬೆಟ್ಟದ ಸೂರ್ಯೋದಯ ಮಂಗಳ ಗ್ರಹದಲ್ಲೂ ಅವರದ್ದೇ :)

ಇಲ್ಲಿ ನಮ್ಮಂಥ ಬರೆಯೋರೂ ತಿಳ್ಕೋಬೇಕಾದ ಒಂದು ವಿಷಯ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೌಕರಿಯಲ್ಲಿಲ್ಲದೆ ಸ್ವತಂತ್ರವಾಗಿ ಬರೆದ ಬರಹಕ್ಕೆ ಮೊದಲ ಒಡೆಯ ಬರೆದವನೇ. ದುಡ್ಡು ಕೊಟ್ಟು ಬರೆಸಿದರು ಅಂದ ಮಾತ್ರಕ್ಕೆ ಅದು ಅವರದ್ದಾಗಲ್ಲ. ಹಕ್ಕು ವರ್ಗಾವಣೆಗೆ ಸಹಿ ಮಾಡಿದ ಕಾಗದ ಬೇಕು. ಆ ಕಾಗದದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಜಾಗ ಹೇಳದಿದ್ದರೆ ಭಾರತ ಮಾತ್ರ ಅಂತ 19ನೇ ಸೆಕ್ಷನ್ ಹೇಳುತ್ತೆ. "ಶಾಶ್ವತ", "ಬ್ರಹ್ಮಾಂಡ" ಅಂತೆಲ್ಲಾ ಅವರು ತುರುಕೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಆದರೆ ಫೋಟೋಗೆ, ವಿಡಿಯೋಗೆ ಲೆಕ್ಕ ಉಲ್ಟಾ. ದುಡ್ಡು ಕೊಟ್ಟು ಹೇಳಿ ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಮಾಡಿಸಿದವರೇ ಮೊದಲ ಒಡೆಯರು. ಅಂದ್ರೆ ನಮ್ಮ ಹುಡುಗ ಕಾಗದ ಇಲ್ಲದೆ ಬಾಯಿಮಾತಲ್ಲಿ ಕೆಲಸ ಮಾಡಿದ್ದರೆ ಇನ್ನೂ ಮೋಸ ಹೋಗ್ತಿದ್ದ. ಬರೆಯೋನಿಗೆ ಮೌನ ಲಾಭ, ಕ್ಯಾಮೆರಾ ಹಿಡಿಯೋನಿಗೆ ಮೌನ ನಷ್ಟ. ಇದೆಂಥಾ ನ್ಯಾಯವೋ ನನಗಂತೂ ಅರ್ಥ ಆಗ್ಲಿಲ್ಲ.

ಎರಡನೇದು ನನಗೆ ನಿಜಕ್ಕೂ ಸಿಟ್ಟು ಬರಿಸಿದ್ದು. ಇದು ಜಾಹೀರಾತು ಅಂತ ವಿಡಿಯೋದಲ್ಲಿ ಹಾಕಬೇಡ, ನೋಡೋರು ಕಡಿಮೆ ಆಗ್ತಾರೆ ಅಂತ ವಾಟ್ಸಾಪಲ್ಲಿ ಸಲಹೆ. ಕಾಂಟ್ರ್ಯಾಕ್ಟಲ್ಲಿ ಮಾತ್ರ, ಕಾನೂನು ಪಾಲನೆ ಹುಡುಗನ ಹೊಣೆ, ದಂಡ ಬಿದ್ದರೆ ಕಂಪನಿ ಪಾಲಿನದ್ದೂ ಅವನೇ ತುಂಬಿಕೊಡಬೇಕು! ಜಾಹೀರಾತು ಅಂತ ಕಣ್ಣಿಗೆ ಕಾಣೋ ಹಂಗೆ ಹೇಳಲೇಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ನಿಯಮ ಮಾಡಿತ್ತು. ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಅದನ್ನೇ ಮತ್ತೆ ಹೇಳಿತು. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷದವರೆಗೆ ದಂಡ ಇದೆ, ವಸ್ತುವನ್ನ ಹೊಗಳಿದವನಿಗೂ ಸೇರಿಸಿ. ಸಂಬಳ ಇಪ್ಪತ್ತೈದು ಸಾವಿರ, ರಿಸ್ಕು ಹತ್ತು ಲಕ್ಷ!

ಇನ್ನು ದುಡ್ಡು. ವಿಡಿಯೋ ಹಾಕಿದ 90 ದಿನಕ್ಕಂತೆ. ತಕರಾರಿದ್ದರೆ ದೆಹಲಿ ಕೋರ್ಟು. ಚಿಕ್ಕಬಳ್ಳಾಪುರದಿಂದ ದೆಹಲಿಗೆ ಒಂದು ಸಲ ಹೋಗಿ ಬರೋಷ್ಟರಲ್ಲಿ ಆ ಇಪ್ಪತ್ತೈದು ಸಾವಿರದಲ್ಲಿ ಎಷ್ಟು ಉಳಿಯುತ್ತೆ?

ನಮ್ಮ ಚಿಕ್ಕಪ್ಪ ಹಿಪ್ಪುನೇರಳೆ ಬೆಳೆದು ಹುಳ ಸಾಕಿದವರು. ಇದನ್ನೆಲ್ಲಾ ಕೇಳಿ, "ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಹಿಂಗೆ ಮಾಡಿದ್ರೆ ಸುಮ್ನೆ ಬಿಡ್ತಾರೇನೋ?" ಅಂದ್ರು. ಗೂಡಿನ ವ್ಯಾಪಾರಕ್ಕೆ 1959ರ ಕಾಯ್ದೆ ಇದೆ. ಲಾಟು, ಎಲ್ಲರೆದುರು ಹರಾಜು, ತೂಕ, ಕೊಳ್ಳೋ ರೀಲರಿಗೆ ಲೈಸೆನ್ಸು. ರೇಟು ಬಿದ್ದಾಗ ರೈತ ಅಳ್ತಾನೆ, ಅದು ಬೇರೆ ಕಥೆ. ಆದರೆ ಗೂಡು ತಗೊಂಡು 90 ದಿನ ಬಿಟ್ಟು ದುಡ್ಡು ಕೊಡ್ತೀನಿ ಅಂತ ಅಲ್ಲಿ ಯಾರಾದರೂ ಅಂದಿದ್ದರೆ..

ಚಿಕ್ಕಪ್ಪನ ಮಾತಿನಿಂದಲೇ ಹುಡುಕೋಕೆ ಹೊರಟೆ, ಸಣ್ಣ ಮಾರಾಟಗಾರನಿಗೆ ಬೇರೆ ಯಾವ ಕಾಯ್ದೆ ಇದೆ ಅಂತ. ಇದೆ! 2006ರ ಎಂಎಸ್‌ಎಂಇ ಕಾಯ್ದೆ. ಉದ್ಯಮ್ ನೋಂದಣಿ ಇರೋ ಕಿರು ಉದ್ಯಮಿಗೆ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನ ಮೀರೋ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಸೇವೆ ಮಾರೋರಿಗೂ ಅನ್ವಯ. ಇನ್ನೂ ಚೆನ್ನಾಗಿರೋದು ಏನಪ್ಪಾ ಅಂದ್ರೆ, ಕೊಳ್ಳೋನು ದೇಶದ ಯಾವ ಮೂಲೆಯಲ್ಲೇ ಇರಲಿ, ದೂರು ಕೊಡೋದು ಮಾರಿದವನ ರಾಜ್ಯದ ಕೌನ್ಸಿಲ್ಲಿಗೆ. ದೆಹಲಿಗೆ ಹೋಗಬೇಕಿಲ್ಲ. ನೋಂದಣಿ ಆನ್‌ಲೈನಲ್ಲಿ, ಪುಕ್ಕಟೆ. ಆದರೆ ಒಪ್ಪಂದಕ್ಕೆ ಮುಂಚೆಯೇ ಮಾಡಿಸಿಕೊಂಡಿರೋದು ಕ್ಷೇಮ. ಆಮೇಲೆ ಮಾಡಿಸಿದೋರು ಕೋರ್ಟಲ್ಲಿ ಪೇಚಾಡಿದ್ದಾರೆ.

ಹುಡುಗ ಅವತ್ತೇ ನೋಂದಣಿ ಮಾಡಿಸಿ, ಸಹಿ ಹಾಕದೆ, ಬದಲಾವಣೆ ಕೇಳಿ ಮೇಲ್ ಬರೆದ. ಕೈ ನಡುಗ್ತಿತ್ತಂತೆ. "ಬೇಡ ಅಂದ್ಬಿಟ್ರೆ ಏನಣ್ಣಾ ಮಾಡ್ಲಿ? ಬೇರೆ ಹುಡುಗರು ಸಾಲಾಗಿ ನಿಂತವ್ರೆ." ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಅವನು ಹೇಳಿದ್ದು ನಿಜ.

ನಾಲ್ಕು ದಿನ ಆದ ಮೇಲೆ ಉತ್ತರ ಬಂತು. ಬ್ರಹ್ಮಾಂಡ ಹೋಗಿ ಭಾರತ ಆಯ್ತು, ಶಾಶ್ವತ ಹೋಗಿ ಎರಡು ವರ್ಷ. ಜಾಹೀರಾತು ಅಂತ ಹಾಕೋಕೆ ಒಪ್ಪಿದರು. ದುಡ್ಡು 45 ದಿನಕ್ಕೆ. ಮುಂಗಡ ಮಾತ್ರ ಸುತರಾಂ ಇಲ್ಲ. ದೆಹಲಿ ಕೋರ್ಟನ್ನೂ ಬಿಡಲಿಲ್ಲ. ಮೂರು ವಿಡಿಯೋ ಎರಡಕ್ಕೆ ಇಳಿದು, ದುಡ್ಡು ಹದಿನೆಂಟು ಸಾವಿರ ಆಯ್ತು. ಅವನು ಸಹಿ ಹಾಕಿದ. ಏಳು ಸಾವಿರ ಹೋಯ್ತಲ್ಲಾ ಅಂತ ಚಿಕ್ಕಮ್ಮ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ನಿಮ್ಮಲ್ಲಿ ಯಾರಾದರೂ ಇಂಥ ಕಾಗದಕ್ಕೆ ಸಹಿ ಹಾಕಿದ್ದೀರಾ? ಮುಂಗಡ ಕೇಳಿ ಗೆದ್ದೋರು ಇದ್ದರೆ ಯಾವ ಮಾತಲ್ಲಿ ಕೇಳಿದ್ರಿ ಅಂತ ಕಾಮೆಂಟಲ್ಲಿ ಬರೀರಿ. ಹುಡುಗನಿಗೆ ಇನ್ನೊಂದು ಕಂಪನಿಯವರು ಫೋನ್ ಮಾಡಿದ್ದಾರೆ.