ಇನ್ನೂರೈವತ್ತು ರೂಪಾಯಿ ಪೌಚ್ ಮತ್ತು ನೇತ್ರಾಣಿಯ ಮೀನು

ನೇತ್ರಾಣಿಗೆ ಮೊದಲ ಸಲ ಹೋದಾಗ ನಾನು ತಂದ ಫೋಟೋ ಎಷ್ಟು ಗೊತ್ತಾ? ಸೊನ್ನೆ. ಕಳೆದುಕೊಂಡು ಬಂದದ್ದು ಮಾತ್ರ ನಾಲ್ಕು ವರ್ಷದ್ದು.

2022ರ ಡಿಸೆಂಬರ್. ‘ಗಂಧದ ಗುಡಿ’ಯಲ್ಲಿ ಅಪ್ಪು ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ ತಲೆ ಕೆಟ್ಟಿತ್ತು. ಆಫೀಸಿನ ಆರು ಜನ ಸೇರಿ ಶುಕ್ರವಾರ ರಾತ್ರಿ ನವರಂಗ್ ಹತ್ತಿರ ಬಸ್ ಹತ್ತಿದೆವು. ಹೊರಡೋ ದಿನ ಸಂಜೆ ವಿಜಯನಗರದ ಫುಟ್‌ಪಾತಿನಲ್ಲಿ ₹250 ಕೊಟ್ಟು ಒಂದು ವಾಟರ್‌ಪ್ರೂಫ್ ಪೌಚ್ ತಗೊಂಡೆ. ಡಬ್ಬಿ ಮೇಲೆ ‘30 ಮೀಟರ್’ ಅಂತ ಬರೆದಿತ್ತು. ಫೋನ್ ಬೇರೆ ಐಪಿ68. ಇನ್ನೇನು ಬೇಕು?

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿದೆ ನೇತ್ರಾಣಿ. ದೋಣಿಯಲ್ಲಿ ಒಂದು ಗಂಟೆಗೂ ಮೇಲೆ. 123 ಅಡಿಯ ಶಿವ ಬೆನ್ನ ಹಿಂದೆ ಚಿಕ್ಕದಾಗುತ್ತಾ ಹೋಗಿ, ಕೊನೆಗೆ ನೀರು ಬಿಟ್ಟರೆ ಬೇರೇನೂ ಕಾಣೋದಿಲ್ಲ. ಸ್ನಾರ್ಕೆಲಿಂಗ್ ಶುರುವಾಗಿ ಹತ್ತು ನಿಮಿಷ ಆಗಿರಬಹುದು, ಪೌಚಿನೊಳಗೆ ಒಂದು ಚಮಚದಷ್ಟು ನೀರು ಅಲ್ಲಾಡುತ್ತಿತ್ತು. ಗಾಬರಿಯಲ್ಲಿ ಪವರ್ ಬಟನ್ ಒತ್ತಿ ಒತ್ತಿ ನೋಡಿದೆ. ದಡಕ್ಕೆ ಬಂದು ಚಾರ್ಜರ್ ಬೇರೆ ಹಾಕಿದೆ. ಎರಡೂ ಮಾಡಬಾರದಿತ್ತು. ಬೆಂಗಳೂರಿಗೆ ಬಂದು ರಿಪೇರಿಗೆ ಕೊಟ್ಟರೆ, ಹುಡುಗ ಬಿಚ್ಚಿ ನೋಡಿ, ‘ಉಪ್ಪುನೀರು ಸಾರ್, ಬೋರ್ಡ್ ಪೂರ್ತಿ ತಿಂದುಬಿಟ್ಟಿದೆ’ ಅಂದ.

ಫೋನ್ ಹೋದರೆ ಹೋಗಲಿ, ಇಎಂಐ ಇದೆ. ಆದರೆ ಅದರಲ್ಲಿ ಚನ್ನರಾಯಪಟ್ಟಣದ ಅಜ್ಜಿ ಕಳಿಸಿದ್ದ ವಾಯ್ಸ್ ಮೆಸೇಜುಗಳಿದ್ದವು. ‘ಊಟ ಆಯ್ತೇನೋ ಮಗಾ? ಏನ್ ಸಾರು?’ ಅಂತ ವಾರಕ್ಕೆ ಮೂರು ಸಲ ಬರುತ್ತಿತ್ತು. ಅಜ್ಜಿ ತೀರಿಕೊಂಡು ಆಗ ಎಂಟು ತಿಂಗಳು. ಸ್ಟೋರೇಜ್ ತುಂಬಿದೆ ಅಂತ ಬ್ಯಾಕಪ್ ಆಫ್ ಮಾಡಿಟ್ಟಿದ್ದೆ. ಆಫೀಸಿನಲ್ಲಿ ಬ್ಯಾಕಪ್ ಬಗ್ಗೆ ಊರಿಗೆಲ್ಲ ಪಾಠ ಹೇಳೋ ಇಂಜಿನಿಯರ್ ನಾನೇ!

ಆಮೇಲೆ ಒಂದು ವರ್ಷ ನೀರಿನ ಹತ್ತಿರ ಕ್ಯಾಮೆರಾ ತೆಗೆಯಲಿಲ್ಲ. ಆದರೆ ಕೂತು ಓದಿದೆ. ಓದಿದ್ದರಲ್ಲಿ ನಿಮಗೆ ಉಪಯೋಗಕ್ಕೆ ಬರೋದನ್ನು ಹೇಳ್ತೀನಿ.

ಡಬ್ಬಿ ಮೇಲಿನ ಅಂಕಿ

ಐಪಿ68 ಪರೀಕ್ಷೆ ನಡೆಯೋದು ಸಿಹಿನೀರಿನಲ್ಲಿ, ಅಲುಗಾಡದೆ ನಿಂತ ಹೊಸ ಫೋನಿನ ಮೇಲೆ. ಎಷ್ಟು ಆಳ, ಎಷ್ಟು ಹೊತ್ತು ಅನ್ನೋದನ್ನು ಕಂಪನಿಯೇ ಹೇಳುತ್ತದೆ. ಒಂದೂವರೆ ಮೀಟರ್, ಅರ್ಧ ಗಂಟೆ ಅನ್ನೋದು ಸಾಮಾನ್ಯ. ಸಮುದ್ರ ಅದರ ಲೆಕ್ಕದಲ್ಲಿಲ್ಲ. ಒಂದು ಸಲ ಕೆಳಗೆ ಬಿದ್ದ, ಡಿಸ್‌ಪ್ಲೇ ಬದಲಾಯಿಸಿದ ಫೋನಾದರೆ ಆ ಅಂಕಿಯನ್ನು ಮರೆತುಬಿಡಿ. ಇನ್ನು ನೀರಿನೊಳಗೆ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. 10 ಮೀಟರ್ ಆಳದಲ್ಲಿ ದಡದಲ್ಲಿರೋದರ ಎರಡರಷ್ಟು. ಫುಟ್‌ಪಾತಿನ ಪೌಚಿನ ಕ್ಲಿಪ್ಪಿಗೆ ಅದೆಲ್ಲ ಗೊತ್ತಿರೋದಿಲ್ಲ.

ಜೇಬಿಗೆ ತಕ್ಕ ದಾರಿ

ಪೌಚ್ ಬೇಡ ಅಂತಲ್ಲ. ಈಜುಕೊಳಕ್ಕೆ, ಬಿಡದಿಯ ವಂಡರ್‌ಲಾಗೆ, ಫಾಲ್ಸ್ ಹತ್ತಿರದ ತುಂತುರಿಗೆ ಅದು ಧಾರಾಳವಾಗಿ ಸಾಕು. ಸಮುದ್ರಕ್ಕೆ ಒಯ್ಯೋದೇ ಆದರೆ ನೀರಿನ ಮೇಲ್ಮೈಯಲ್ಲೇ ಇರಿ, ಅದರೊಳಗೆ ಮನೆಯಲ್ಲಿ ಬಿದ್ದಿರೋ ಹಳೆಯ ಫೋನ್ ಹಾಕಿ, ಸಿಮ್ ತೆಗೆದಿಡಿ. ಪ್ರತಿ ಟ್ರಿಪ್ಪಿಗೆ ಮುಂಚೆ ಒಂದು ಪರೀಕ್ಷೆ ಮಾಡಿ: ಪೌಚಿನೊಳಗೆ ಮಡಿಸಿದ ಟಿಶ್ಯೂ ಪೇಪರ್ ಇಟ್ಟು, ಬಕೆಟ್ ನೀರಿನ ತಳದಲ್ಲಿ ತೂಕ ಹೇರಿ ಒಂದು ಗಂಟೆ ಬಿಡಿ. ಟಿಶ್ಯೂವಿನ ಒಂದು ಮೂಲೆ ಒದ್ದೆಯಾಗಿದ್ದರೂ ಪೌಚ್ ಕಸದ ಬುಟ್ಟಿಗೆ. ಇಷ್ಟು ಮಾಡಿದ್ದಿದ್ದರೆ ಅಜ್ಜಿ ದನಿ ಉಳೀತಿತ್ತು.

ಇನ್ನೊಂದು ವಿಷಯ. ನೀರಿನಲ್ಲಿ ಟಚ್ ಸ್ಕ್ರೀನ್ ಮಾತು ಕೇಳೋದಿಲ್ಲ. ವಾಲ್ಯೂಮ್ ಬಟನ್ನಿನಿಂದ ಫೋಟೋ ತೆಗೆಯೋ ಹಾಗೆ ಸೆಟ್ ಮಾಡಿಕೊಳ್ಳಿ, ಇಲ್ಲವೇ ದೋಣಿಯಲ್ಲೇ ವಿಡಿಯೋ ಆನ್ ಮಾಡಿ ಇಳಿಯಿರಿ. ಆಮೇಲೆ ಬೇಕಾದ ಫ್ರೇಮ್ ತೆಗೆದುಕೊಳ್ಳಬಹುದು.

ಎರಡನೆಯದು, ಬಾಡಿಗೆ. ರಾಜಾಜಿನಗರದ ಒಂದು ಅಂಗಡಿಯಲ್ಲಿ ನನಗೆ ಆ್ಯಕ್ಷನ್ ಕ್ಯಾಮೆರಾ ದಿನಕ್ಕೆ ₹500ರಂತೆ ಸಿಕ್ಕಿತು. ಡೆಪಾಸಿಟ್ ಬೇರೆ. ವರ್ಷಕ್ಕೊಂದು ಟ್ರಿಪ್ ಹೋಗೋ ನಮ್ಮಂಥವರಿಗೆ ಕೊಳ್ಳೋದಕ್ಕಿಂತ ಇದೇ ವಾಸಿ. ಒಂದು ಎಚ್ಚರಿಕೆ: ಈಚಿನ ಗೋಪ್ರೋ ಹೀರೋ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕೇಸ್ ಇಲ್ಲದೆ ತಡೆಯೋದು 10 ಮೀಟರ್. ಆದರೆ ಮೊದಲ ಸಲದವರ ಸ್ಕೂಬಾದಲ್ಲಿ 12 ಮೀಟರ್‌ವರೆಗೂ ಇಳಿಸುವುದುಂಟು. ಹಾಗಾಗಿ ಡೈವ್ ಕೇಸ್ ಸಮೇತ ಕೇಳಿ. ಕೇಸಿನ ರಬ್ಬರ್ ರಿಂಗಿನ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಇದ್ದರೂ ನೀರು ನುಗ್ಗುತ್ತದೆ. ಒಳಗೆ ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಹಿಡಿಸಿದರೆ ಇಡಿ, ಲೆನ್ಸ್ ಮುಂದೆ ಮಂಜು ಕಟ್ಟೋದಿಲ್ಲ.

ಮೂರನೆಯದು ಎಲ್ಲಕ್ಕಿಂತ ಸುಲಭ. ಸ್ಕೂಬಾ ಮಾಡ್ತಿದ್ದರೆ ಕ್ಯಾಮೆರಾ ಕೆಲಸ ಜೊತೆಗಿರೋ ಡೈವರಿಗೇ ಬಿಡಿ. ಎಷ್ಟೋ ಪ್ಯಾಕೇಜಿನಲ್ಲಿ ಫೋಟೋ, ವಿಡಿಯೋ ಸೇರಿರುತ್ತೆ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಮೊದಲ ಸಲ ಉಸಿರಾಡೋದೇ ದೊಡ್ಡ ಕೆಲಸ, ಕೈಯಲ್ಲಿ ಇನ್ನೊಂದು ಸಾಮಾನು ಯಾಕೆ?

ಎಲ್ಲಾ ಯಾಕೆ ನೀಲಿ?

ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯೋ ಹೊತ್ತಿಗೆ ಕೆಂಪು ಬಹುಪಾಲು ಹೋಗಿರುತ್ತೆ. ಅದಕ್ಕೇ ನಿಮ್ಮ ಕೆಂಪು ಟೀ ಶರ್ಟ್ ಫೋಟೋದಲ್ಲಿ ಕಂದು ಬಣ್ಣಕ್ಕೆ ತಿರುಗೋದು. ದುಬಾರಿ ಕ್ಯಾಮೆರಾದಿಂದ ಇದು ಸರಿಹೋಗೋದಿಲ್ಲ, ಬುದ್ಧಿಯಿಂದ ಹೋಗುತ್ತೆ. ಮೇಲಿನ ಎರಡು ಮೂರು ಮೀಟರಿನಲ್ಲೇ ತೆಗೆಯಿರಿ. ಬಿಸಿಲು ನೆತ್ತಿಯ ಮೇಲಿದ್ದಾಗ ತೆಗೆಯಿರಿ. ಕೈಚಾಚಿದಷ್ಟು ಹತ್ತಿರ ಹೋಗಿ. ಜೂಮ್ ಬೇಡ. ಫ್ಲ್ಯಾಶ್ ಅಂತೂ ಬೇಡವೇ ಬೇಡ, ನೀರಿನಲ್ಲಿ ತೇಲೋ ಕಣವೆಲ್ಲ ಹೊಳೆದು ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತೆ. ಹವಳವನ್ನು ಮುಟ್ಟಬೇಡಿ, ಅದು ಕಲ್ಲಲ್ಲ, ಜೀವ. ಆಮೆ ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ. ದಡಕ್ಕೆ ಬಂದ ಮೇಲೆ ಕ್ಯಾಮೆರಾವನ್ನು ಕೇಸ್ ಸಮೇತ ಸಿಹಿನೀರಿನಲ್ಲಿ ಅದ್ದಿಡಿ, ಒರೆಸಿದ ಮೇಲೇ ತೆಗೆಯಿರಿ.

ಅಮ್ಮ ಇಳಿದಳು

ಕಳೆದ ಸಲ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ದೋಣಿ ಬಿಡೋದಿಲ್ಲ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ ಹೋಗಬಹುದು. ಅಮ್ಮನಿಗೆ ಐವತ್ತಾರು, ಈಜು ಬರೋದಿಲ್ಲ. ಸಮುದ್ರ ಅಂದರೆ ಸೀರೆ ಎತ್ತಿ ಪಾದ ತೋಯಿಸಿಕೊಳ್ಳೋದು ಅಂತಲೇ ಅವಳ ಲೆಕ್ಕ.

‘ನಾನು ದೋಣೀಲೇ ಕೂತಿರ್ತೀನಿ ಕಣೋ, ನೀನು ಹೋಗ್ಬಾ’ ಅಂದಳು.

‘ಲೈಫ್ ಜಾಕೆಟ್ ಇರುತ್ತಮ್ಮ. ರಿಂಗ್ ಹಿಡ್ಕೊಂಡು ಬರೀ ಮುಖ ಮುಳುಗಿಸು. ಅವರೂ ಪಕ್ಕದಲ್ಲೇ ಇರ್ತಾರೆ.’

ಅರ್ಧ ಗಂಟೆ ಬೇಡ ಬೇಡ ಅಂದಳು. ಕೊನೆಗೆ ಚೂಡಿದಾರದ ಮೇಲೇ ಜಾಕೆಟ್ ಕಟ್ಟಿಸಿಕೊಂಡು, ಗೈಡ್ ಹುಡುಗನ ಕೈ ಗಟ್ಟಿಯಾಗಿ ಹಿಡಿದು ಇಳಿದಳು. ನಾನು ಬಾಡಿಗೆ ಕ್ಯಾಮೆರಾ ಆನ್ ಮಾಡಿಕೊಂಡು ಒಂದು ಮೀಟರ್ ಕೆಳಗೆ ಹೋದೆ. ಅವಳು ಮುಖ ಮುಳುಗಿಸಿದಳು. ಕೆಳಗೆ ಒಂದು ದಂಡು ಮೀನು ಹಾದುಹೋದವು. ಮಾಸ್ಕಿನ ಹಿಂದೆ ಅಮ್ಮನ ಕಣ್ಣು ಬಟ್ಟಲಷ್ಟು ಅಗಲವಾದವು. ಆಮೇಲೆ ಅವಳು ಮೇಲೆ ಬರಲೇ ಇಲ್ಲ, ಗೈಡೇ ‘ಅಮ್ಮಾ, ಸಾಕು ಬನ್ನಿ’ ಅಂತ ಕರೆಯಬೇಕಾಯಿತು.

ನಲವತ್ತು ನಿಮಿಷದ ವಿಡಿಯೋದಲ್ಲಿ ಬಹುಪಾಲು ಗುಳ್ಳೆ, ನನ್ನ ಹೆಬ್ಬೆರಳು, ಯಾರದೋ ಕಾಲು. ಚೆನ್ನಾಗಿ ಬಂದದ್ದು ಅದೊಂದೇ ಫ್ರೇಮ್. ಅಮ್ಮ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ಐದು ನಿಮಿಷದಲ್ಲಿ ಚಿಕ್ಕಮ್ಮನ ವಾಯ್ಸ್ ಮೆಸೇಜ್ ಬಂತು. ‘ಅಕ್ಕಾ, ಇದೇನೇ ನಿನ್ನ ಕಣ್ಣು! ಥೇಟ್ ನಮ್ಮ ಅಮ್ಮನ ಥರಾನೇ ಇದೆಯಲ್ಲೇ’ ಅಂತ ನಗು.

ದನಿಯೂ ಅಜ್ಜಿಯ ಥರಾನೇ ಇತ್ತು. ಬಸ್ಸು ಹೊನ್ನಾವರ ದಾಟೋದರೊಳಗೆ ಅದನ್ನು ಎರಡು ಕಡೆ ಬ್ಯಾಕಪ್ ಮಾಡಿದೆ.