ಬೆಟ್ಟದವರಿಗೆ ಯಾರು ನೆಂಟರು?

ಸಿರಿಯಾದ ಸುದ್ದಿ ಬಂದಾಗಲೆಲ್ಲ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಮಾತು ಖಾಯಂ: ‘ಆ ಕುರ್ದರಿಗೆ ಬುದ್ಧಿ ಇಲ್ಲ ಗುರು, ಅಮೆರಿಕಾದವರನ್ನ ನಂಬಿ ಕೆಟ್ಟರು.’ ಹೇಳುವವರು ಬೆಂಗಳೂರಿನವರೋ ಬಯಲುಸೀಮೆಯವರೋ ಆಗಿರುತ್ತಾರೆ. ನಾನು ಎಡಕುಮೇರಿ ಕಡೆಯವನು. ಹಳಿ ಬಿಟ್ಟರೆ ಸ್ಟೇಷನ್ನಿಗೆ ಸರಿಯಾದ ರಸ್ತೆಯೂ ಇಲ್ಲದ ಜಾಗ. ಬೆಟ್ಟದ ಮೇಲೆ ನಿಂತು ನೋಡಿದರೆ ಇದೇ ಕಥೆ ಬೇರೆ ಥರ ಕಾಣುತ್ತೆ ಕಣ್ರೀ.

ಕುರ್ದರು ಟರ್ಕಿ, ಇರಾನ್, ಇರಾಕ್, ಸಿರಿಯಾಗಳ ನಡುವೆ ಹಂಚಿಹೋದ ಜನ. 1920ರ ಸೆವ್ರ್ ಒಪ್ಪಂದ ಇವರಿಗೆ ಸ್ವಂತ ನಾಡಿನ ಆಸೆ ತೋರಿಸಿತು. ಮೂರೇ ವರ್ಷಕ್ಕೆ, 1923ರ ಲೋಸಾನ್ ಒಪ್ಪಂದದಲ್ಲಿ ಆ ಮಾತೇ ಮಾಯ. ಸಿರಿಯಾದಲ್ಲಂತೂ 1962ರಲ್ಲಿ ಒಂದು ಜನಗಣತಿ ಮಾಡಿ, ಸುಮಾರು 1 ಲಕ್ಷ 20 ಸಾವಿರ ಕುರ್ದರ ಪೌರತ್ವವನ್ನೇ ಕಿತ್ತುಕೊಂಡರು. ರಾತ್ರಿ ಮಲಗುವಾಗ ಪ್ರಜೆ, ಬೆಳಗ್ಗೆ ಏಳುವಾಗ ಪರದೇಶಿ.

2012ರಲ್ಲಿ, ಅಂತರ್ಯುದ್ಧದ ನಡುವೆ, ಅಸ್ಸಾದ್ ಸೈನ್ಯ ಉತ್ತರದ ಕುರ್ದ್ ಊರುಗಳಿಂದ ಹಿಂದೆ ಸರಿಯಿತು. ಆ ಜಾಗ ತುಂಬಿದ್ದು ವೈಪಿಜಿ ಎಂಬ ಕುರ್ದ್ ಪಡೆ. 2014ರ ಸೆಪ್ಟೆಂಬರಿನಲ್ಲಿ ಐಸಿಸ್ ಕೊಬಾನಿ ಪಟ್ಟಣವನ್ನು ಮುತ್ತಿದಾಗ, ಗಂಡಸರೂ ಹೆಂಗಸರೂ ಬೀದಿ ಬೀದಿಯಲ್ಲಿ ನಿಂತು ಕಾದಾಡಿದರು. ಅಮೆರಿಕಾ ಮೇಲಿಂದ ಬಾಂಬು ಹಾಕಿತು, ನೆಲದ ಮೇಲೆ ಸತ್ತವರು ಇವರು. 2017ರಲ್ಲಿ ರಕ್ಕಾ, 2019ರ ಮಾರ್ಚಿನಲ್ಲಿ ಬಾಘೂಜ್. ಐಸಿಸ್ ನೆಲ ಕಳೆದುಕೊಂಡಿತು. ವೈಪಿಜಿ ಮುಂದಾಳತ್ವದ ಎಸ್‌ಡಿಎಫ್ ಕೂಟ ತನ್ನ ಕಡೆ ಸುಮಾರು 11 ಸಾವಿರ ಜನ ಸತ್ತರೆಂದು ಹೇಳುತ್ತದೆ. ಏಳು ತಿಂಗಳು ಕಳೆಯುವುದರೊಳಗೆ ಟ್ರಂಪ್ ಗಡಿಯಿಂದ ತಮ್ಮ ಸೈನಿಕರನ್ನು ಹಿಂದೆ ಕರೆಸಿಕೊಂಡರು, ಅಕ್ಟೋಬರ್ 9ಕ್ಕೆ ಟರ್ಕಿ ದಾಳಿ ಶುರು. ಎರಡನೇ ಮಹಾಯುದ್ಧದಲ್ಲಿ ಕುರ್ದರು ನಮಗೇನೂ ಸಹಾಯ ಮಾಡಿರಲಿಲ್ಲವಲ್ಲ ಎಂಬ ಅರ್ಥದ ಮಾತು ಬೇರೆ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ವೈಪಿಜಿಯವರೇನು ದೇವರಲ್ಲ. 1984ರಿಂದ ತನ್ನ ವಿರುದ್ಧ ಬಂದೂಕು ಹಿಡಿದ ಪಿಕೆಕೆಯ ಕೊಂಬೆ ಇದು ಅನ್ನುವುದು ಟರ್ಕಿಯ ವಾದ. ಆ ನಂಟು ಸುಳ್ಳೂ ಅಲ್ಲ. ಇವರು ಅರಬರ ಮನೆಗಳನ್ನು ಕೆಡವಿದ್ದನ್ನು ಆಮ್ನೆಸ್ಟಿ 2015ರಲ್ಲೇ ದಾಖಲಿಸಿದೆ. ಆದರೆ ‘ಬುದ್ಧಿ ಇಲ್ಲ’ ಅನ್ನೋದು ಮಾತ್ರ ನನಗೆ ಒಪ್ಪಿಗೆಯಾಗಲ್ಲ. ಯಾಕೆ ಅಂತ ಹೇಳೋಕೆ ನಮ್ಮ ಸಕಲೇಶಪುರಕ್ಕೇ ಬರಬೇಕು.

ವೀಕೆಂಡಿಗೆ ನೀವೆಲ್ಲ ಹೋಗಿ ಫೋಟೋ ತೆಗೆಸಿಕೊಳ್ಳುವ ಮಂಜರಾಬಾದ್ ಕೋಟೆ ಇದೆಯಲ್ಲ, ಎಂಟು ಮೂಲೆಯ ನಕ್ಷತ್ರ, ಅದನ್ನು ಕಟ್ಟಿಸಿದ್ದು ಟಿಪ್ಪು. ಆಗ ಈ ಸೀಮೆಗೆ ಬಲಂ ಅಂತ ಹೆಸರು. ಇಲ್ಲಿನ ಪಾಳೇಗಾರ ಕೃಷ್ಣಪ್ಪ ನಾಯಕ ಮೂರನೇ ಮೈಸೂರು ಯುದ್ಧದಲ್ಲಿ ಮರಾಠರ ಪರಶುರಾಮ ಭಾವುವಿನ ದಂಡು ಸೇರಿಕೊಂಡ. ಮರಾಠರು, ನಿಜಾಮ, ಇಂಗ್ಲಿಷರು ಎಲ್ಲ ಒಂದು ಕಡೆ, ಗೆದ್ದರು ಕೂಡ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತು. ಟಿಪ್ಪುವಿನ ಅರ್ಧ ರಾಜ್ಯವನ್ನು ದೊಡ್ಡವರು ಮೂವರೂ ಹಂಚಿಕೊಂಡರು. ಬಲಂ? ಅದು ಟಿಪ್ಪುವಿನ ಪಾಲಿಗೇ ಉಳಿಯಿತು. ಯಾರ ವಿರುದ್ಧ ಕತ್ತಿ ಎತ್ತಿದ್ದನೋ ಅವನ ಕೈಗೇ ನಾಯಕನ ಸೀಮೆ. ಅವನು ಹೆದರಿ ಕೊಡಗಿಗೆ ಓಡಿದ. ಆಮೇಲೆ ಟಿಪ್ಪು ಅವನನ್ನು ಒಲಿಸಿ ಕರೆಸಿ, ಐಗೂರು ಸೀಮೆಯನ್ನಷ್ಟೇ ಕೊಟ್ಟು, ಉಳಿದದ್ದನ್ನು ತಾನೇ ಇಟ್ಟುಕೊಂಡ.

1799ರಲ್ಲಿ ಟಿಪ್ಪು ಸತ್ತ ಮೇಲೆ, ನಾಯಕನ ಮಗ ವೆಂಕಟಾದ್ರಿ ಇನ್ನು ಯಾರಿಗೂ ತಲೆಬಾಗಲ್ಲ ಅಂತ ಕಾಡಿನಲ್ಲಿ ಬಲವಾದ ಕಟ್ಟೆ ಕಟ್ಟಿಕೊಂಡು ಕೂತ. ಅಪ್ಪ ಸೇರಿದ್ದ ಕೂಟದವರೇ ಆದ ಇಂಗ್ಲಿಷರು ಈಗ ಅವನ ಮೇಲೇ ಬಂದರು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ಆರ್ಥರ್ ವೆಲ್ಲೆಸ್ಲಿ 1802ರಲ್ಲಿ ದಂಡು ತಂದು ಅವನನ್ನು ಮಣಿಸಿದ. ವೆಂಕಟಾದ್ರಿಯನ್ನು ನೇಣಿಗೆ ಹಾಕಿದರು.

ಅಪ್ಪ ದೊಡ್ಡವರ ಜೊತೆ ಸೇರಿ ಕಳೆದುಕೊಂಡ, ಮಗ ಯಾರ ಜೊತೆಯೂ ಸೇರದೆ ಕಳೆದುಕೊಂಡ. ಇದರಲ್ಲಿ ಯಾರಿಗೆ ಬುದ್ಧಿ ಇಲ್ಲ ಅಂತೀರಿ? ದೊಡ್ಡವರಿಗೆ ಸ್ನೇಹ ಒಂದು ಪ್ರಾಜೆಕ್ಟು ಇದ್ದ ಹಾಗೆ. ರಿಲೀಸ್ ಆದ ದಿನ ಟೀಮು ಬರಖಾಸ್ತು. ಬೆಟ್ಟದವನಿಗೆ ಅದು ಗೊತ್ತಿಲ್ಲ ಅಂತಲ್ಲ. ಕೊಬಾನಿಯ ಬಾಗಿಲಿಗೆ ಐಸಿಸ್ ಬಂದಾಗ ವಿಮಾನ ಕಳಿಸುತ್ತೇನೆ ಅಂದವನಿಗೆ ‘ಐದು ವರ್ಷ ಆದಮೇಲೂ ಇರ್ತೀಯಾ?’ ಅಂತ ಕೇಳುತ್ತಾ ಕೂರೋಕಾಗಲ್ಲ. ಗೆಳೆಯನನ್ನು ಆರಿಸಿಕೊಳ್ಳುವುದು ಆಯ್ಕೆ ಇರುವವರ ಸುಖ. ಬೆಟ್ಟ ಬಿಟ್ಟರೆ ನಮಗೆ ಬೇರೆ ಗೆಳೆಯರಿಲ್ಲ ಅಂತ ಕುರ್ದರಲ್ಲಿ ಒಂದು ಗಾದೆಯೇ ಇದೆ. ಇಷ್ಟು ತಿಳಿದ ಜನ ಮೋಸ ಹೋದವರಲ್ಲ, ಲೆಕ್ಕ ಹಾಕಿಯೇ ಬೆಲೆ ಕೊಟ್ಟವರು.

2024ರ ಡಿಸೆಂಬರಿನಲ್ಲಿ ಅಸ್ಸಾದ್ ಓಡಿಹೋದರು. 2025ರ ಮಾರ್ಚ್ 10ರಂದು ಎಸ್‌ಡಿಎಫ್ ಮುಖ್ಯಸ್ಥ ಮಜ್ಲೂಮ್ ಅಬ್ದಿ ಮತ್ತು ಸಿರಿಯಾದ ಹೊಸ ಅಧ್ಯಕ್ಷ ಅಹ್ಮದ್ ಅಲ್-ಶರಾ ಒಂದು ಕರಾರಿಗೆ ಸಹಿ ಹಾಕಿದರು: ಪಡೆ ಸರ್ಕಾರದೊಳಗೆ ಸೇರಬೇಕು, ಕುರ್ದರಿಗೆ ಪೌರತ್ವದ ಹಕ್ಕು ಸಿಗಬೇಕು. ಕಾಗದದ ಮೇಲೆ ಚೆನ್ನಾಗೇ ಇದೆ. ಕೋವಿ ಕೆಳಗಿಟ್ಟರೆ ಮುಂದೆ ಕಾಯುವವರು ಯಾರು ಅನ್ನುವುದೇ ಪ್ರಶ್ನೆ.

ನಮ್ಮ ಕಡೆ ಬೆಳೆ ಕಾಯೋಕೆ ಲೈಸೆನ್ಸಿನ ಕೋವಿ ಇಟ್ಟುಕೊಂಡ ಮನೆಗಳಿವೆ, ನಮ್ಮದೂ ಒಂದು. ಚುನಾವಣೆ ಬಂದರೆ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಅಪ್ಪ ಒಪ್ಪಿಸಿ, ರಸೀದಿ ಜೇಬಿಗಿಟ್ಟುಕೊಂಡು ಬರುತ್ತಿದ್ದರು. ಆ ತಿಂಗಳೆಲ್ಲ ರಾತ್ರಿ ಗದ್ದೆ ಕಡೆ ಏನು ಸದ್ದಾದರೂ ಎದ್ದು ಕೂರುವವರು. ಎಣಿಕೆ ಮುಗಿದ ಮಾರನೇ ದಿನವೇ ಹೋಗಿ, ರಸೀದಿ ತೋರಿಸಿ, ಕೋವಿ ವಾಪಸ್ ತರುತ್ತಿದ್ದರು. ಅಪ್ಪನಿಗೆ ಆ ರಸೀದಿಯ ಮೇಲೆ ನಂಬಿಕೆ ಇತ್ತು, ಪ್ರತಿಸಲವೂ ಅದು ಉಳಿಯಿತು. ಕುರ್ದರ ಕೈಗೆ ನೂರು ವರ್ಷದಲ್ಲಿ ಬಂದ ರಸೀದಿಗಳಲ್ಲಿ ಹೀಗೆ ಉಳಿದದ್ದು ಯಾವುದು, ಹೇಳಿ?